ಹ್ಯಾರಿ ಬ್ರಿಯರ್ಲಿ

ಹಟ್ಟಿಯ ಗಣಿಯಲ್ಲಿ ದೊರೆಯುವ ಚಿನ್ನ ತುಕ್ಕನ್ನರಿಯದು. ಆ ಚಿನ್ನವನ್ನು ಅದಿರಿನಿಂದ ಬೇರ್ಪಡಿಸುವ ತೊಟ್ಟಿ, ಕೊಳವೆ, ಪಂಪುಗಳಿಗಾದರೋ ಆ ಭಾಗ್ಯವಿಲ್ಲ. ಉಕ್ಕನ್ನು ಆಮ್ಲ ತಿನ್ನುತ್ತದೆ. ಇದಕ್ಕೆ ಬಹುಮಟ್ಟಿಗೆ ತಡೆಯೊಡ್ಡುವ ಉಕ್ಕನ್ನು ಲೋಕದ ಬಳಕೆಗೆ ತಂದವರಲ್ಲಿ ಹ್ಯಾರಿ ಬ್ರಿಯರ್ಲಿಯವರು ಪ್ರಮುಖರು.

ಅವರು ಜನಿಸಿದುದು 1871ರ ಫೆಬ್ರವರಿ 18ರಂದು, ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ. ತಂದೆ ಮೂಸೆಯಲ್ಲಿ ಉಕ್ಕು ಕರಗಿಸುವ ಕೆಲಸಗಾರ; ಮನೆಯಲ್ಲಿ ಕಡುಬಡತನ. ಬಾಲಕ 12ನೆಯ ವಯಸ್ಸಿಗೇ ಶಾಲೆ ಬಿಟ್ಟನು. ತಂದೆ ದುಡಿಯುತ್ತಿದ್ದ ಥಾಮಸ್ ಫರ್ತ್ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಸೀಸೆ ತೊಳೆಯುವ ಕೆಲಸ ದೊರೆಯಿತು. ಹಗಲು ದುಡಿದು ಇರುಳು ಓದಿ ಲೋಹಪರೀಕ್ಷೆಯಲ್ಲಿ ನಿಷ್ಣಾತರಾದ ಅವರು, 1908ರಲ್ಲಿ ಬ್ರೌನ್ ಫರ್ತ್ ಸಂಶೋಧನಾಲಯದ ಮುಖ್ಯಸ್ಥರಾದರು.

1912ರಲ್ಲಿ ಬಂದೂಕಿನ ನಳಿಗೆ ಒಳಗೆ ಸವೆಯುವ ಸಮಸ್ಯೆ ಅವರ ಮುಂದೆ ಬಂದಿತು. ಪರಿಹಾರವನ್ನರಸುತ್ತ, 1913ರ ಆಗಸ್ಟ್ 13ರಂದು ನೂರಕ್ಕೆ 12.8 ಪಾಲು ಕ್ರೋಮಿಯಂ, 0.24 ಪಾಲು ಇಂಗಾಲ ಬೆರೆತ ಉಕ್ಕನ್ನು ಎರಕಹೊಯ್ಯಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡುವ ಮುನ್ನ ಉಕ್ಕಿನ ಮೈಯನ್ನು ನೈಟ್ರಿಕ್ ಆಮ್ಲದಿಂದ ಕೊರೆಯುವುದು ವಾಡಿಕೆ. ಈ ಉಕ್ಕು ಆಮ್ಲಕ್ಕೆ ಮಣಿಯಲಿಲ್ಲ. ಬೇರೊಬ್ಬರಾಗಿದ್ದರೆ ಬೇಸತ್ತು ಬಿಸುಡುತ್ತಿದ್ದರೇನೋ. ಇವರು ನಿಂಬೆರಸ, ವಿನಿಗರ್‌ಗಳಲ್ಲಿಯೂ ಪರೀಕ್ಷಿಸಿದರು. ಮಾವಿನಕಾಯಿ ಹೆಚ್ಚಿದ ಈಳಿಗೆ ಕಪ್ಪಾಗುವುದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಇದಕ್ಕೆ 'ಸ್ಟೇನ್‌ಲೆಸ್' ಎಂದು ಹೆಸರಿಟ್ಟವರು ಚಾಕು ತಯಾರಕ ಅರ್ನೆಸ್ಟ್ ಸ್ಟುವರ್ಟ್. ಕಲೆಯಿಲ್ಲದುದು ಎಂದು ಅದರ ಅರ್ಥ. ಶಬ್ದಾರ್ಥ ನೋಡುವ ನನ್ನಂಥವನಿಗೆ ಇದು ಸ್ವಲ್ಪ ಅತಿಶಯೋಕ್ತಿಯೆಂದೇ ತೋರುತ್ತದೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ಪೊರೆಯನ್ನು ಹೊದಿಸುತ್ತದೆ. ಕಾಪಾಡುವುದು ಆ ಪೊರೆಯೇ. ನೈಟ್ರಿಕ್ ಆಮ್ಲ ಅದನ್ನು ಬಲಪಡಿಸಿದರೆ ಹೈಡ್ರೋಕ್ಲೋರಿಕ್ ಆಮ್ಲ ಒಡೆಯುತ್ತದೆ. ಕ್ಲೋರೈಡ್ ಬೆರೆತ ದ್ರವದಲ್ಲಿ, ಹೊರಗೆ ಹೊಳೆಯುವ ಪಾತ್ರೆಗೂ ಸೂಜಿಮೊನೆಯಷ್ಟು ಕುಳಿ ಬಿದ್ದು, ಅದು ಒಳಗೊಳಗೇ ಆಳಕ್ಕಿಳಿಯುತ್ತದೆ. ಸೋರಿದಾಗಲೇ ಅದು ತಿಳಿಯುವುದು. ಕೆಳಗೆ ನಿಂತವನು ಕಾರ್ಮಿಕ. ಚಿನ್ನವನ್ನು ಹೀರಿಕೊಳ್ಳುವ ಇದ್ದಿಲನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆಯುವ ಪದ್ಧತಿಯುಂಟು. ಅಂಥ ಪಾತ್ರೆಗೆ ಸಾಮಾನ್ಯ ಸ್ಟೇನ್‌ಲೆಸ್ ಉಕ್ಕನ್ನು ನಂಬದೆ ಒಳಗೆ ರಬ್ಬರಿನ ಹೊದಿಕೆ ಕೊಡುವುದುಂಟು.

ಜರ್ಮನಿಯ ಕ್ರುಪ್ ಸಂಸ್ಥೆಯ ಸ್ಟ್ರಾಸ್ ಮತ್ತು ಮೌರರ್ ಅವರು 1912ರಲ್ಲಿಯೇ ನಿಕಲ್ ಕೂಡಿಸಿದ ಕ್ರೋಮಿಯಂ ಉಕ್ಕನ್ನು ರೂಪಿಸಿದ್ದರೆಂಬುದನ್ನೂ ಹೇಳಬೇಕು. ಬ್ರಿಯರ್ಲಿಯವರ ಸ್ಥಾನಕ್ಕೆ ಬಂದ ಹ್ಯಾಟ್‌ಫೀಲ್ಡ್, 1924ರಲ್ಲಿ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ಲಿನ ಉಕ್ಕನ್ನು ತಂದರು. ಮುಂದೆ ಕುಳಿ ಬೀಳುವುದನ್ನು ತಗ್ಗಿಸಲು ಮಾಲಿಬ್ಡಿನಮ್ಮನ್ನೂ ಬೆರೆಸಲಾಯಿತು.

ಪೇಟೆಂಟಿನ ಹಕ್ಕಿನ ವಿಷಯದಲ್ಲಿ ಮನಸ್ತಾಪ ಬಂದು, ಬ್ರಿಯರ್ಲಿಯವರು 1915ರಲ್ಲಿ ಫರ್ತ್ ಸಂಸ್ಥೆಯನ್ನು ತೊರೆದು ಬ್ರೌನ್ ಬೇಯ್ಲಿ ಕಾರ್ಖಾನೆಗೆ ಹೋದರು. 1920ರಲ್ಲಿ ಬೆಸಿಮರ್ ಸ್ವರ್ಣಪದಕ ಪಡೆದರು. 1941ರಲ್ಲಿ ಫ್ರೆಶ್‌ಗೇಟ್ ಎಂಬ ದತ್ತಿಯನ್ನು ಸ್ಥಾಪಿಸಿದ ಅವರು 1948ರಲ್ಲಿ ಕಾಲವಾದರು.