ಬೇಡ ಅಂದಮೇಲೆ ಬದಲಿ ಕೊಡಬೇಕು: ಸೆನೆಟರ್ ರಾಬರ್ಟ್ ಟಾಫ್ಟ್

ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹೋದ ಸೀನಿಯರ್‌ಗಳನ್ನು ಖರ್ಚಿನ ಬಗ್ಗೆ ಕೇಳಿ ನೋಡಿ. ಫೀಸು, ಬಾಡಿಗೆ ಆದಮೇಲೆ ಹೆಲ್ತ್ ಇನ್ಶೂರೆನ್ಸ್ ಮಾತು ಬಂದೇ ಬರುತ್ತೆ. ಅಷ್ಟು ಶ್ರೀಮಂತ ದೇಶದಲ್ಲಿ ಎಲ್ಲರಿಗೂ ಒಂದೇ ಸರ್ಕಾರಿ ಆರೋಗ್ಯ ವಿಮೆ ಯಾಕಿಲ್ಲ ಅಂತ ಯಾರಿಗಾದರೂ ಅನಿಸುತ್ತೆ. ಈ ಪ್ರಶ್ನೆ ಒಬಾಮಾ ಕಾಲದಲ್ಲಿ ಹುಟ್ಟಿದ್ದಲ್ಲ. 1945ರಲ್ಲೇ ಒಬ್ಬ ಅಧ್ಯಕ್ಷರು ಅಂಥ ವಿಮೆ ತರಬೇಕು ಅಂತ ಹೊರಟಿದ್ದರು. ಅದಕ್ಕೆ ಅಡ್ಡ ನಿಂತವರಲ್ಲಿ ಮುಖ್ಯರಾದವರು ಒಹಾಯೊ ರಾಜ್ಯದ ಸೆನೆಟರ್ ರಾಬರ್ಟ್ ಟಾಫ್ಟ್. ಅಧ್ಯಕ್ಷರು ಕೊಟ್ಟ ಮಾತಿಗೂ ಮಾಡಿದ ಕೆಲಸಕ್ಕೂ ತಾಳೆ ನೋಡೋದೇ ಅವರ ರಾಜಕೀಯ ಅಂದರೂ ತಪ್ಪಿಲ್ಲ.

ಟಾಫ್ಟ್ ಹುಟ್ಟಿದ್ದು 1889ರಲ್ಲಿ, ಸಿನ್ಸಿನಾಟಿ ನಗರದಲ್ಲಿ. ಅಪ್ಪ ವಿಲಿಯಂ ಹೊವಾರ್ಡ್ ಟಾಫ್ಟ್ ಫಿಲಿಪೈನ್ಸ್‌ನ ಗವರ್ನರ್ ಆಗಿದ್ದಾಗ ಹುಡುಗ ಕೆಲವು ವರ್ಷ ಮನಿಲಾದಲ್ಲಿ ಬೆಳೆದ. 1909ರಲ್ಲಿ ಅಪ್ಪ ಅಮೆರಿಕದ ಅಧ್ಯಕ್ಷರಾದರು. ಮಗ ಯೇಲ್‌ನಲ್ಲಿ ಕ್ಲಾಸಿಗೇ ಮೊದಲಿಗ, 1913ರಲ್ಲಿ ಹಾರ್ವರ್ಡ್ ಲಾ ಸ್ಕೂಲಿನಲ್ಲೂ ಮೊದಲಿಗ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ಟಾಪರ್. ಆದರೆ ಟಾಪರ್‌ಗಳಿಗಿರೋ ಕೆಲವು ಕಷ್ಟಗಳೂ ಅವರಿಗಿದ್ದವು. ನಗು ಕಡಿಮೆ, ಮಾತು ಒಣ, ಭಾಷಣದ ತುಂಬಾ ಅಂಕಿ-ಅಂಶ. ಜನರ ಜೊತೆ ಬೆರೆತು ಮನ ಗೆಲ್ಲೋ ಕಲೆ ಇದ್ದದ್ದು ಹೆಂಡತಿ ಮಾರ್ಥಾ ಅವರಿಗೆ. 1938ರಲ್ಲಿ ಟಾಫ್ಟ್ ಸೆನೆಟ್‌ಗೆ ಗೆದ್ದಾಗ ಅರ್ಧ ಪ್ರಚಾರ ಮಾರ್ಥಾ ಅವರದೇ.

ಅದಕ್ಕೂ ಮೊದಲು ಒಂದು ಅನುಭವ ಅವರನ್ನು ರೂಪಿಸಿತ್ತು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ದೃಷ್ಟಿ ಸರಿಯಿಲ್ಲ ಅಂತ ಸೇನೆ ಅವರನ್ನು ತೆಗೆದುಕೊಳ್ಳಲಿಲ್ಲ. ಹರ್ಬರ್ಟ್ ಹೂವರ್ ನಡೆಸುತ್ತಿದ್ದ ಸರ್ಕಾರಿ ಆಹಾರ ಇಲಾಖೆಯಲ್ಲಿ ವಕೀಲರಾಗಿ ಸೇರಿದರು, ಯುದ್ಧ ಮುಗಿದಮೇಲೆ ಯೂರೋಪಿಗೆ ಆಹಾರ ಕಳಿಸುವ ಕೆಲಸ ಮಾಡಿದರು. ಹಸಿದವರಿಗೆ ಊಟ ಕೊಡೋದು ಸರ್ಕಾರದಿಂದ ಆಗುತ್ತೆ ಅಂತ ಹತ್ತಿರದಿಂದ ನೋಡಿದರು. ಕಚೇರಿಯಲ್ಲಿ ಕೂತು ಬೆಲೆ, ಸರಬರಾಜು ಎಲ್ಲಾ ನಿಯಂತ್ರಿಸೋಕೆ ಹೊರಟರೆ ಏನೇನು ತೊಡಕು ಬರುತ್ತೆ ಅಂತಲೂ ನೋಡಿದರು. ಮುಂದೆ ಅವರು ಹಿಡಿದ ದಾರಿಯಲ್ಲಿ ಈ ಎರಡೂ ಪಾಠ ಕಾಣುತ್ತವೆ.

ಸೆನೆಟ್‌ಗೆ ಬಂದಾಗ ಡೆಮಾಕ್ರಟಿಕ್ ಪಕ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರು. 1932ರ ಚುನಾವಣೆಯಲ್ಲಿ ಅವರು ಕೇಂದ್ರ ಸರ್ಕಾರದ ಖರ್ಚನ್ನು ಶೇಕಡಾ 25ರಷ್ಟು ಇಳಿಸ್ತೀನಿ ಅಂದಿದ್ದರು. ಆಗಿದ್ದು ಉಲ್ಟಾ. 1933ರಲ್ಲಿ ಸುಮಾರು 2,200 ಕೋಟಿ ಡಾಲರ್ ಇದ್ದ ಸಾಲ 1939ರ ಹೊತ್ತಿಗೆ 4,000 ಕೋಟಿ ಮುಟ್ಟಿತು. 1940ರಲ್ಲಿ ರೂಸ್‌ವೆಲ್ಟ್ ಅಮೆರಿಕದ ಮಕ್ಕಳನ್ನು ಹೊರಗಿನ ಯುದ್ಧಕ್ಕೆ ಕಳಿಸಲ್ಲ ಅಂತ ತಾಯಂದಿರಿಗೆ ಮಾತು ಕೊಟ್ಟರು. ಮಾತು ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ ಹೋಗ್ತಿದೆ ಅನ್ನೋದು ಟಾಫ್ಟ್ ಆಕ್ಷೇಪ. ಆದರೂ ಅವರು ಎಲ್ಲವನ್ನೂ ಬೇಡ ಅಂದವರಲ್ಲ. ವೃದ್ಧಾಪ್ಯ ಪಿಂಚಣಿಯ ತತ್ವವನ್ನು ಒಪ್ಪಿದ್ದರು. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದಾಗ ಯುದ್ಧದ ಪರವಾಗಿಯೇ ಮತ ಹಾಕಿದರು.

1945ರ ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ತೀರಿಕೊಂಡು ಹ್ಯಾರಿ ಟ್ರೂಮನ್ ಅಧ್ಯಕ್ಷರಾದರು. ಅದೇ ವರ್ಷ ನವೆಂಬರ್ 19ರಂದು ಅವರು ಸಂಸತ್ತಿಗೆ ಆರೋಗ್ಯ ಯೋಜನೆ ಕಳಿಸಿದರು. ಲೆಕ್ಕ ಸರಳವಾಗಿತ್ತು. ದುಡಿಯುವ ಎಲ್ಲರ ಸಂಬಳದಿಂದ ಸ್ವಲ್ಪ ಹಣ ಕಡ್ಡಾಯವಾಗಿ ಒಂದು ನಿಧಿಗೆ ಹೋಗುತ್ತೆ. ಕಾಯಿಲೆ ಬಂದಾಗ ವೈದ್ಯರ, ಆಸ್ಪತ್ರೆಯ ಬಿಲ್ ಆ ನಿಧಿಯಿಂದ ಸಂದಾಯ. ಇದನ್ನು ಕಾನೂನು ಮಾಡೋ ಮಸೂದೆಯ ವಿಚಾರಣೆ 1946ರ ಏಪ್ರಿಲ್‌ನಲ್ಲಿ ಸೆನೆಟ್ ಸಮಿತಿಯಲ್ಲಿ ಶುರುವಾಯಿತು. ಶುರುವಾದ ದಿನವೇ ಟಾಫ್ಟ್ ಎದ್ದು ನಿಂತು ಇದು ಸಮಾಜವಾದ ಅಂದರು. ಅಧ್ಯಕ್ಷತೆ ವಹಿಸಿದ್ದ ಸೆನೆಟರ್ ಮರ್ರೆ ಸುಮ್ಮನಿರಿ ಅಂದಾಗ ಸಭೆ ಬಿಟ್ಟು ಹೊರನಡೆದರು. ಆ ವರ್ಷದ ಚುನಾವಣೆಯಲ್ಲಿ ಅವರ ರಿಪಬ್ಲಿಕನ್ ಪಕ್ಷ ಗೆದ್ದು ಅದೇ ಸಮಿತಿಗೆ ಟಾಫ್ಟ್ ಅಧ್ಯಕ್ಷರಾದರು. ಟ್ರೂಮನ್ ಮಸೂದೆ ಅಲ್ಲೇ ಉಳಿಯಿತು.

ಇಷ್ಟೇ ಆಗಿದ್ದರೆ ಅವರನ್ನು ಇವತ್ತು ನೆನೆಯೋ ಕಾರಣ ಇರ್ತಿರಲಿಲ್ಲ. 1947ರಲ್ಲಿ ಅವರೇ ಮೂವರು ಸಂಗಡಿಗರ ಜೊತೆ ಇನ್ನೊಂದು ಮಸೂದೆ ತಂದರು. ಕೇಂದ್ರ ಸರ್ಕಾರ ವರ್ಷಕ್ಕೆ ಸುಮಾರು 20 ಕೋಟಿ ಡಾಲರ್ ರಾಜ್ಯಗಳಿಗೆ ಕೊಡಲಿ, ಬಿಲ್ ಕಟ್ಟಲಾಗದವರ ಚಿಕಿತ್ಸೆಯನ್ನು ರಾಜ್ಯಗಳೇ ನೋಡಿಕೊಳ್ಳಲಿ, ಕಟ್ಟಬಲ್ಲವರು ತಮ್ಮ ದಾರಿ ತಾವೇ ಆರಿಸಿಕೊಳ್ಳಲಿ ಅನ್ನೋದು ಅದರ ಸಾರ. ಆಸ್ಪತ್ರೆ ಕಟ್ಟೋಕೆ ಬಡ ರಾಜ್ಯಗಳಿಗೆ ಹೆಚ್ಚು ಅನುದಾನ ಕೊಡೋ 1946ರ ಕಾನೂನಿಗೂ ಅವರ ಬೆಂಬಲ ಇತ್ತು. 1949ರಲ್ಲಿ ಬಡವರಿಗೆ 8,10,000 ಮನೆ ಕಟ್ಟುವ ವಸತಿ ಕಾನೂನಿಗೂ ಟ್ರೂಮನ್ ಕಡೆಯವರ ಜೊತೆ ಕೈ ಜೋಡಿಸಿದರು. ಆಗ ಅವರ ಪಕ್ಷದವರೇ ಕೆಲವರು ಟಾಫ್ಟ್ ಕೂಡ ಸಮಾಜವಾದಿ ಆಗಿಬಿಟ್ಟರು ಅಂತ ಗೊಣಗಿದರು.

ಅವರ ಆರೋಗ್ಯ ಮಸೂದೆಯಲ್ಲೂ ತೂತುಗಳಿದ್ದವು. ಚಿಕಿತ್ಸೆ ಬೇಕಾದರೆ ಕಾಯಿಲೆಯವನು ಮೊದಲು ತಾನು ಬಡವ ಅಂತ ಸಾಬೀತು ಮಾಡಬೇಕು. ತೀರಾ ಬಡವನೂ ಅಲ್ಲ, ದೊಡ್ಡ ಆಪರೇಷನ್‌ಗೆ ಆಗುವಷ್ಟು ದುಡ್ಡೂ ಇಲ್ಲ ಅನ್ನುವವನಿಗೆ ಸರಿಯಾದ ಉತ್ತರ ಇರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಬೇರೆ ವಾರ್ಡಿನಲ್ಲಿ ಮಲಗಿಸುತ್ತಿದ್ದ ಕಾಲ ಅದು. ಎಲ್ಲವನ್ನೂ ರಾಜ್ಯಗಳ ಕೈಗೆ ಬಿಟ್ಟರೆ ಆ ಜನರ ಗತಿ ಏನು ಅನ್ನೋ ಪ್ರಶ್ನೆ ಹಾಗೇ ಉಳೀತು. ಕೊನೆಗೆ ಎರಡೂ ಮಸೂದೆ ಪಾಸಾಗಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. 1948ರ ಚುನಾವಣೆಯಲ್ಲಿ ಟ್ರೂಮನ್ ಎರಡು ದೊಡ್ಡ ಭರವಸೆ ಕೊಟ್ಟರು. ಒಂದು, ಆರೋಗ್ಯ ವಿಮೆ. ಇನ್ನೊಂದು, ಕಾರ್ಮಿಕ ಸಂಘಗಳ ಅಧಿಕಾರ ಮೊಟಕು ಮಾಡಿದ್ದ 1947ರ ಟಾಫ್ಟ್-ಹಾರ್ಟ್‌ಲಿ ಕಾನೂನಿನ ರದ್ದತಿ. ಗೆದ್ದರೂ ಎರಡೂ ಆಗಲಿಲ್ಲ. ವಿಮೆಯ ವಿರುದ್ಧ ವೈದ್ಯರ ಸಂಘ ಪ್ರತಿ ಸದಸ್ಯರಿಂದ 25 ಡಾಲರ್ ಎತ್ತಿ ಭಾರೀ ಪ್ರಚಾರ ಮಾಡಿತು. ಸೆನೆಟ್‌ನಲ್ಲಿ ಟಾಫ್ಟ್ ಅಡ್ಡ ನಿಂತರು. ಹಾಗಾದರೆ ಇದನ್ನು ಮಾತು ತಪ್ಪಿದ್ದು ಅನ್ನಬೇಕೋ, ಮಾತು ಉಳಿಸಿಕೊಳ್ಳೋಕೆ ಬಿಡದೇ ಇದ್ದದ್ದು ಅನ್ನಬೇಕೋ? ಎರಡಕ್ಕೂ ವ್ಯತ್ಯಾಸ ಇದೆ. ಟ್ರೂಮನ್ ಪ್ರಯತ್ನಪಟ್ಟು ಸೋತರು.

ಕೊರಿಯಾ ವಿಷಯ ಹಾಗಲ್ಲ. 1950ರ ಜೂನ್‌ನಲ್ಲಿ ಟ್ರೂಮನ್ ಸಂಸತ್ತಿನ ಮತ ಕೇಳದೆ ಸೇನೆ ಕಳಿಸಿದರು. ಯುದ್ಧ ಘೋಷಿಸೋ ಅಧಿಕಾರ ಸಂವಿಧಾನ ಕೊಟ್ಟಿರೋದು ಸಂಸತ್ತಿಗೆ ಅಂತ ಜೂನ್ 28ರಂದು ಟಾಫ್ಟ್ ಸೆನೆಟ್‌ನಲ್ಲಿ ಆಕ್ಷೇಪಿಸಿದರು. ಜೊತೆಗೇ, ಒಪ್ಪಿಗೆ ಕೇಳಿ ನಿರ್ಣಯ ತಂದರೆ ತಾನೇ ಪರವಾಗಿ ಮತ ಹಾಕ್ತೀನಿ ಅಂತಲೂ ಹೇಳಿದರು. ಅವರ ತಕರಾರು ಕೆಲಸದ ಮೇಲಲ್ಲ, ಕ್ರಮದ ಮೇಲೆ. ಇಂಥದ್ದೇ ನಿಲುವು ಮೊದಲೂ ತೋರಿಸಿದ್ದರು. 1946ರಲ್ಲಿ ಮುಷ್ಕರ ಹೂಡಿದ ರೈಲ್ವೆ ನೌಕರರನ್ನು ಸೇನೆಗೆ ಭರ್ತಿ ಮಾಡೋ ಅಧಿಕಾರ ಟ್ರೂಮನ್ ಕೇಳಿದಾಗ ಕೆಳಮನೆ 306-13 ಮತದಿಂದ ಒಪ್ಪಿಬಿಟ್ಟಿತ್ತು. ಸೆನೆಟ್‌ನಲ್ಲಿ ಅವಸರ ಬೇಡ ಅಂತ ತಡೆದವರು ಕಾರ್ಮಿಕ ಸಂಘಗಳಿಗೆ ಆಗದ ಇದೇ ಟಾಫ್ಟ್.

ಅವರ ಅಳತೆಗೋಲು ಯಾವಾಗಲೂ ನೆಟ್ಟಗಿತ್ತು ಅಂತ ಹೇಳೋಕಾಗಲ್ಲ. ಸಾಕ್ಷಿ ಇಲ್ಲದೆ ಕಂಡಕಂಡವರನ್ನು ಕಮ್ಯುನಿಸ್ಟ್ ಅಂತ ದೂರುತ್ತಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿಗೆ ಅವರು ಕುಮ್ಮಕ್ಕು ಕೊಟ್ಟರು. ಲೆಕ್ಕ, ಸಾಕ್ಷಿ ಅಂತ ಬದುಕಿದ ಮನುಷ್ಯನಿಗೆ ಅದು ಶೋಭೆ ತರಲಿಲ್ಲ.

ಅದೇ ಹೊತ್ತಿಗೆ ಮನೆಯಲ್ಲೂ ಕಷ್ಟ. 1950ರಲ್ಲಿ ಮಾರ್ಥಾಗೆ ಪಾರ್ಶ್ವವಾಯು ಬಡಿದು ಓಡಾಟ ನಿಂತಿತು. 1952ರಲ್ಲಿ ಟಾಫ್ಟ್ ಮೂರನೇ ಸಲ ಅಧ್ಯಕ್ಷ ಚುನಾವಣೆಗೆ ಪಕ್ಷದ ಟಿಕೆಟ್ ಕೇಳಿ ಸೋತರು. ಗೆದ್ದ ಜನರಲ್ ಐಸೆನ್‌ಹೋವರ್ ಅಧ್ಯಕ್ಷರಾದರು, ಟಾಫ್ಟ್ ಸೆನೆಟ್‌ನಲ್ಲಿ ಬಹುಮತ ಪಕ್ಷದ ನಾಯಕರಾದರು. ಈಗ ಸರ್ಕಾರ ಅವರದೇ. ಆದರೂ 1953ರ ಏಪ್ರಿಲ್ 30ರಂದು ಶ್ವೇತಭವನದ ಸಭೆಯಲ್ಲಿ ಬಜೆಟ್ ನೋಡಿ ಮೇಜು ಕುಟ್ಟಿ ರೇಗಿದರು. ಖರ್ಚು ಇಳಿಸ್ತೀವಿ ಅಂತ ಓಟು ಕೇಳಿ, ಈಗ ಇಷ್ಟೇ ಇಳಿಸಿದರೆ ಹಿಂದಿನವರಿಗೂ ನಮಗೂ ಏನು ವ್ಯತ್ಯಾಸ ಅನ್ನೋದು ಆ ಸಿಟ್ಟಿನ ಅರ್ಥ. ಆಗಲೇ ಅವರ ಸೊಂಟದಲ್ಲಿ ನೋವು ಶುರುವಾಗಿತ್ತು. ಅದು ಕ್ಯಾನ್ಸರ್. ಊರುಗೋಲು ಹಿಡಿದು ಸೆನೆಟ್‌ಗೆ ಬಂದರು, ಜೂನ್‌ನಲ್ಲಿ ನಾಯಕತ್ವ ಇನ್ನೊಬ್ಬರಿಗೆ ಒಪ್ಪಿಸಿದರು. ಜುಲೈ 31ರಂದು ನ್ಯೂಯಾರ್ಕ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 63 ವರ್ಷ.

ಹನ್ನೆರಡು ವರ್ಷಕ್ಕೆ ಒಂದು ದಿನ ಕಡಿಮೆ, 1965ರ ಜುಲೈ 30ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಮುದಿ ಟ್ರೂಮನ್ ಅವರ ಊರಿಗೇ ಹೋಗಿ ಆರೋಗ್ಯ ಕಾನೂನಿಗೆ ಸಹಿ ಹಾಕಿದರು. ಮೊದಲ ಮೆಡಿಕೇರ್ ಕಾರ್ಡು ಟ್ರೂಮನ್‌ಗೆ ಸಿಕ್ಕಿತು. 65 ದಾಟಿದವರಿಗೆ ಸಂಬಳದ ಕಡಿತದಿಂದ ನಡೆಯುವ ವಿಮೆ ಅದು, ಟ್ರೂಮನ್ ಹೇಳಿದ ದಾರಿ. ಆದರೆ ಅದೇ ಕಾನೂನಿನಲ್ಲಿ ಮೆಡಿಕೇಡ್ ಅಂತ ಇನ್ನೊಂದು ಭಾಗ ಇದೆ. ಬಡವರ ಚಿಕಿತ್ಸೆಗೆ ಕೇಂದ್ರದ ದುಡ್ಡು, ರಾಜ್ಯದ ಆಡಳಿತ. 1947ರ ಟಾಫ್ಟ್ ಮಸೂದೆಯ ಚೌಕಟ್ಟೂ ಹೆಚ್ಚುಕಡಿಮೆ ಇದೇ ಆಗಿತ್ತು. ಬರೀ ಬೇಡ ಅಂದು ಎದ್ದು ಹೋಗಿದ್ದರೆ ಆ ದಿನದ ಕಾನೂನಿನಲ್ಲಿ ಅವರ ಗುರುತು ಹುಡುಕಬೇಕಾಗಿರಲಿಲ್ಲ. ವಾಪಸ್ ಬಂದು ಬದಲಿ ಬರೆದಿಟ್ಟಿದ್ದಕ್ಕೆ ಅದು ಇವತ್ತಿಗೂ ಅಲ್ಲಿದೆ.