ಗುರು ಗೋಪಿನಾಥರು ಮತ್ತು ರಂಗದ ಉಡುಗೆ

ಕರಾವಳಿಯಿಂದ ಕೊಚ್ಚಿಗೂ ತಿರುವನಂತಪುರಕ್ಕೂ ಬಂದು ನೆಲಸಿದ ಕನ್ನಡಿಗರಿಗೆ ಕಥಕಳಿಯು ಮೊದಲ ನೋಟಕ್ಕೆ ಪರಕೀಯವಾಗಿ ಕಾಣುವುದಿಲ್ಲ. ದೀಪದ ಬಳಿ ಕುಳಿತು ಮುಖಕ್ಕೆ ಬಣ್ಣ ಬರೆದುಕೊಳ್ಳುವುದು, ಅಕ್ಕಿಹಿಟ್ಟಿನ ಚಿಟ್ಟಿಯಿಡುವುದು, ಕಿರೀಟ ಕಟ್ಟಿದೊಡನೆ ನಮ್ಮಂತಹ ಮನುಷ್ಯನೊಬ್ಬನು ಮರೆಯಾಗಿ ದೇವನೋ ದಾನವನೋ ಎದ್ದು ನಿಲ್ಲುವುದು, ಇವೆಲ್ಲ ಯಕ್ಷಗಾನವನ್ನು ಕಂಡ ಕಣ್ಣಿಗೆ ಪರಿಚಿತವೇ. ವೇಷವಿಲ್ಲದ ಬಯಲಾಟವನ್ನು ನಾವು ಊಹಿಸಲಾರೆವು. ಹಾಗಿರುವಾಗ ಆ ವೇಷವನ್ನೇ ಕಳಚಿಟ್ಟು, ಕಥಕಳಿಯ ನೃತ್ಯವನ್ನು ಮಾತ್ರ ಪೇಟೆಯ ರಂಗಮಂದಿರಕ್ಕೆ ತಂದ ಧೈರ್ಯವಂತರ ಜೀವನವು ನಮಗೆ ತಿಳಿದಿರತಕ್ಕದ್ದು. ಅವರೇ ಗುರು ಗೋಪಿನಾಥರು.

ಗೋಪಿನಾಥರು ಹುಟ್ಟಿದ್ದು 1908ರಲ್ಲಿ, ಆಲಪ್ಪುಳದ ಹತ್ತಿರದ ಚಂಪಕ್ಕುಳದಲ್ಲಿ. ಮನೆತನದಲ್ಲಿಯೇ ಕಥಕಳಿ ಇತ್ತು. ಎಳೆಯ ವಯಸ್ಸಿನಲ್ಲಿಯೇ ಅಭ್ಯಾಸಕ್ಕೆ ತೊಡಗಿದ ಅವರು, ಮಹಾಕವಿ ವಳ್ಳತ್ತೋಳರು 1930ರಲ್ಲಿ ಸ್ಥಾಪಿಸಿದ ಕೇರಳ ಕಲಾಮಂಡಲವನ್ನು ಸೇರಿ ಅಲ್ಲಿಯೂ ಸಾಧನೆ ಮಾಡಿದರು. ಎಣ್ಣೆ ತಿಕ್ಕಿಸಿಕೊಂಡು ಮೈ ಬಾಗಿಸುವ ಆ ಕಠಿನ ಶಿಕ್ಷಣವನ್ನು ಪೂರ್ತಿಯಾಗಿ ಪಡೆದವರು ಅವರು. ವೇಷವನ್ನು ಬಿಟ್ಟದ್ದು ಅದನ್ನು ಹೊರಲಾರದೆ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಆ ವೇಷದ ಭಾರವಾದರೂ ಎಂತಹುದು! ಚುಟ್ಟಿ ಕಟ್ಟುವವನ ಮುಂದೆ ನಟನು ಚಾಪೆಯ ಮೇಲೆ ಅಂಗಾತ ಮಲಗಬೇಕು. ಬಣ್ಣವೂ ಚುಟ್ಟಿಯೂ ಮುಗಿಯುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಸೊಂಟದ ಸುತ್ತ ಮಾರುಗಟ್ಟಲೆ ಬಟ್ಟೆಯನ್ನು ಪದರ ಪದರವಾಗಿ ಕಟ್ಟಿ ಗುಮ್ಮಟದಂತೆ ಉಬ್ಬಿಸುತ್ತಾರೆ. ತಲೆಯ ಮೇಲೆ ಮರದ ಕಿರೀಟ. ಕಣ್ಣು ಕೆಂಪಗಾಗಲು ರೆಪ್ಪೆಯೊಳಗೆ ಚುಂಡೆಯ ಬೀಜ. ದೇವಾಲಯದ ಅಂಗಳದಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ, ಬೆಳಗಿನವರೆಗೆ ನಡೆಯುವ ಆಟಕ್ಕೆ ಇದೆಲ್ಲ ಒಪ್ಪುತ್ತದೆ. ಆದರೆ ಚೀಟಿ ಕೊಂಡು ಎರಡು ಗಂಟೆ ಕುಳಿತು ಎದ್ದುಹೋಗುವ ಪಟ್ಟಣದ ಪ್ರೇಕ್ಷಕನಿಗೆ?

ಈ ಪ್ರಶ್ನೆಯನ್ನು ಅವರ ಮುಂದೆ ತಂದಿಟ್ಟದ್ದು ಅಮೆರಿಕದಿಂದ ಬಂದ ಒಬ್ಬ ಮಹಿಳೆ. ಎಸ್ತರ್ ಶರ್ಮನ್ ಎಂಬ ಜನ್ಮನಾಮವನ್ನು ಬಿಟ್ಟು ರಾಗಿಣಿದೇವಿ ಎಂಬ ಹೆಸರನ್ನು ಧರಿಸಿದ್ದ ಈಕೆ ಕಲಾಮಂಡಲದಲ್ಲಿ ಕಥಕಳಿ ಕಲಿಯಲು ಬಂದರು. 1930ರ ದಶಕದ ಮೊದಲ ವರ್ಷಗಳಲ್ಲಿ ಗೋಪಿನಾಥರನ್ನು ಜೊತೆನಟರನ್ನಾಗಿ ಕರೆದುಕೊಂಡು ದೇಶದ ದೊಡ್ಡ ನಗರಗಳಲ್ಲಿ ಪ್ರದರ್ಶನ ಕೊಟ್ಟರು. ಶಿವ ಪಾರ್ವತಿ, ರಾಧಾ ಕೃಷ್ಣ, ಬೇಡನ ನೃತ್ಯ, ನವಿಲಿನ ನೃತ್ಯ, ಹಾವಾಡಿಗನ ನೃತ್ಯ, ಹೀಗೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ತುಣುಕುಗಳು. ಒಂದಾದ ಮೇಲೊಂದು ಬರುವ ಈ ಪಾತ್ರಗಳಿಗೆ ಚುಟ್ಟಿ ಕಟ್ಟುತ್ತ ಕುಳಿತರೆ ಆಗುವುದೆಂತು? ಗೋಪಿನಾಥರು ಮುಖದ ದಟ್ಟ ಬಣ್ಣವನ್ನು ತೆಗೆದರು, ಉಬ್ಬಿದ ಲಂಗವನ್ನು ತೆಗೆದರು, ಪಾತ್ರಕ್ಕೆ ತಕ್ಕ ಹಗುರವಾದ ಉಡುಗೆಯನ್ನು ತೊಟ್ಟರು. ಮುದ್ರೆ, ಕಣ್ಣು, ಹುಬ್ಬು, ಕಾಲಿನ ಕಲಾಶ, ಇವುಗಳಲ್ಲಿ ಕಥಕಳಿಯ ಸತ್ತ್ವವನ್ನು ಬಿಡಲಿಲ್ಲ. ಇದುವರೆಗೆ ಬಟ್ಟೆಯಡಿಯಲ್ಲಿ ಅಡಗಿದ್ದ ನಟನ ದೇಹವು ಆಗ ಕಣ್ಣಿಗೆ ಬಿದ್ದಿತು.

ಯುರೋಪಿನ ಬ್ಯಾಲೆಯ ಚರಿತ್ರೆಯನ್ನು ಬಲ್ಲವರಿಗೆ ಇದು ಹೊಸದಲ್ಲ. 18ನೆಯ ಶತಮಾನದಲ್ಲಿ ಮಾರೀ ಕಮಾರ್ಗೋ ಎಂಬ ನರ್ತಕಿ ತನ್ನ ಪಾದದ ಚಳಕ ಕಾಣಲೆಂದು ಲಂಗದ ಅಂಚನ್ನು ಮೇಲೇರಿಸಿದಳು. 1832ರಲ್ಲಿ ಮಾರೀ ತಾಲ್ಯೋನಿ ತೊಟ್ಟ ತೆಳುವಾದ ಬಿಳಿಯ ಉಡುಗೆಯೇ ಮುಂದೆ ಬ್ಯಾಲೆಯ ಗುರುತಾಯಿತು. 1910ರಲ್ಲಿ ರಷ್ಯದ ಬ್ಯಾಲೆ ತಂಡವು ‘ಶೆಹರಜಾದ್’ ನಾಟ್ಯವನ್ನು ಪ್ಯಾರಿಸ್ಸಿನಲ್ಲಿ ಆಡಿದಾಗ ಲೆಯೋನ್ ಬಾಕ್ಸ್ಟ್ ಎಂಬ ಚಿತ್ರಕಾರನ ವೇಷಗಳನ್ನು ಕಂಡು ಅಲ್ಲಿನ ಸಿರಿವಂತ ಹೆಂಗಸರು ಮುಂಡಾಸನ್ನೂ ಸಡಿಲ ಇಜಾರವನ್ನೂ ಧರಿಸತೊಡಗಿದರು!

ನಮ್ಮಲ್ಲಿ ಪ್ರವಾಹವು ಬಹುಶಃ ಮೊದಲು ಎದುರು ದಿಕ್ಕಿಗೆ ಹರಿಯಿತು: ಮನೆಯ ಬಟ್ಟೆ ರಂಗವನ್ನೇರಿತು. ಗೋಪಿನಾಥರು 1936ರಲ್ಲಿ ವಿವಾಹವಾದ ತಂಗಮಣಿಯವರು ಕಲಾಮಂಡಲದಲ್ಲಿ ಮೋಹಿನಿಯಾಟ್ಟಂ ಕಲಿತ ಮೊದಲ ವಿದ್ಯಾರ್ಥಿನಿ. ಹೆಣ್ಣುಮಗಳು ರಂಗದ ಮೇಲೆ ನಿಲ್ಲುವುದನ್ನು ಸಂಭಾವಿತ ಕುಟುಂಬಗಳು ಸಹಿಸದಿದ್ದ ಕಾಲ ಅದು. ಕಥಕಳಿಯಲ್ಲಿ ಸ್ತ್ರೀವೇಷವನ್ನು ಕಟ್ಟುತ್ತಿದ್ದವರು ಗಂಡಸರು. ಗಂಡಹೆಂಡಿರು ಜೊತೆಯಾಗಿ ಕುಣಿದದ್ದರಿಂದ ಆ ಸಂಕೋಚವು ಎಷ್ಟೋ ಸಡಿಲಿತು. ಕೆನೆಬಣ್ಣದ ನೆಲ, ಜರಿಯ ಅಂಚು: ತಿರುವನಂತಪುರದ ಬಳಿಯ ಬಾಲರಾಮಪುರದಲ್ಲಿಯೂ ಕೊಚ್ಚಿಯ ಬಳಿಯ ಚೇಂದಮಂಗಲದಲ್ಲಿಯೂ ಮಗ್ಗದಿಂದ ಇಳಿಯುವ ಈ ಬಟ್ಟೆಯನ್ನು ಇಂದು ಮೋಹಿನಿಯಾಟ್ಟದ ಉಡುಗೆಯೆಂದೇ ಲೋಕವು ಗುರುತಿಸುತ್ತದೆ. ಓಣಂ ಬಂದರೆ ನಮ್ಮ ಮನೆಯ ಹುಡುಗಿಯರೂ ಅದನ್ನೇ ಕೇಳುತ್ತಾರಷ್ಟೆ. ಇನ್ನೊಂದು ಸಂಗತಿ: ರಾಗಿಣಿದೇವಿಯ ಮಗಳು, ಪ್ರಸಿದ್ಧ ನರ್ತಕಿ ಇಂದ್ರಾಣಿ ರೆಹಮಾನ್, 1952ರಲ್ಲಿ ಭಾರತಸುಂದರಿಯಾಗಿ ಆಯ್ಕೆಯಾದರು.

ತಿರುವಾಂಕೂರಿನ ಮಹಾರಾಜ ಶ್ರೀ ಚಿತ್ತಿರ ತಿರುನಾಳರು ಗೋಪಿನಾಥರನ್ನು ಅರಮನೆಯ ನರ್ತಕರನ್ನಾಗಿ ನೇಮಿಸಿದರು. ಅರಮನೆಯ ಆಶ್ರಯದಲ್ಲಿ ತಿರುವನಂತಪುರದಲ್ಲಿ ಅವರ ನೃತ್ಯಶಾಲೆ ನಡೆಯಿತು. 1941ರ ಮಲಯಾಳ ಚಲಚ್ಚಿತ್ರ ‘ಪ್ರಹ್ಲಾದ’ದಲ್ಲಿ ದಂಪತಿಗಳಿಬ್ಬರೂ ಅಭಿನಯಿಸಿದರು. ಮದರಾಸಿನಲ್ಲಿಯೂ ಅವರು ಕೆಲವು ಕಾಲ ನೃತ್ಯಶಿಕ್ಷಣ ಕೊಟ್ಟರು.

ಆಕ್ಷೇಪಗಳು ಬಾರದೆ ಇರಲಿಲ್ಲ. ಆಂಗಿಕ, ವಾಚಿಕ, ಸಾತ್ತ್ವಿಕಗಳಂತೆ ಆಹಾರ್ಯವೂ ಅಭಿನಯದ ಒಂದು ಅಂಗ. ಅದನ್ನು ಕತ್ತರಿಸಿದರೆ ಉಳಿಯುವುದು ಕಥಕಳಿಯೇ ಅಲ್ಲ ಎಂಬುದು ಸಂಪ್ರದಾಯಸ್ಥರ ವಾದ. ವಾದದಲ್ಲಿ ಹುರುಳಿದೆ. ನಮ್ಮ ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಗೆ ತಿರುಗಿಸಿದಾಗ ಮಾತನ್ನು ಕಡಿದರು, ಅವಧಿಯನ್ನು ಕಡಿದರು. ಆದರೆ ವೇಷದ ವಿಷಯದಲ್ಲಿ ಹಳೆಯದರ ಕಡೆಗೇ ನೋಡಿದರು. ಹೊಸದಾಗಿ ನುಗ್ಗಿದ್ದ ಮಖಮಲ್ಲಿನ ಥಳಕು ಅವರಿಗೆ ಹಿಡಿಸದು. ಇಬ್ಬರೂ ಒಂದೇ ಕಾಲದವರು, ಇಬ್ಬರ ದಾರಿ ಬೇರೆ. ನನಗಂತೂ ಕಿರೀಟವಿಲ್ಲದ ಕರ್ಣನನ್ನು ಒಪ್ಪಿಕೊಳ್ಳುವುದು ಕಷ್ಟ. ಆದರೆ ಗೋಪಿನಾಥರು ಹಳೆಯ ಕಥಕಳಿಯನ್ನು ಅಳಿಸಹೋಗಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಿದರು. ಮುಂದೆ ಅದಕ್ಕೆ ಕೇರಳ ನಟನಂ ಎಂಬ ಹೆಸರು ನಿಂತಿತು. ಇಂದು ಕೇರಳದ ಶಾಲಾ ಕಲೋತ್ಸವದಲ್ಲಿ ಅದೊಂದು ಸ್ಪರ್ಧೆಯ ವಿಷಯ. ಆ ಸ್ಪರ್ಧೆಗಳಿಗೆಂದು ಉಡುಗೆ, ಒಡವೆ, ಮುಖವರ್ಣಿಕೆಗೆ ಹೆತ್ತವರು ಸುರಿಯುವ ಹಣವನ್ನು ನೋಡಿದರೆ, ಭಾರವನ್ನು ಇಳಿಸಿದ ಗುರುವಿನ ಹೆಸರಿನಲ್ಲಿ ಇನ್ನೊಂದು ಬಗೆಯ ಭಾರವನ್ನು ಹೊರಿಸುತ್ತಿದ್ದೇವಲ್ಲ ಎನಿಸುತ್ತದೆ!

1950ರ ದಶಕದ ಕೊನೆಯ ಹೊತ್ತಿಗೆ ಅವರು ದೆಹಲಿಯ ಭಾರತೀಯ ಕಲಾ ಕೇಂದ್ರದ ರಾಮಲೀಲೆಗೆ ನೃತ್ಯ ನಿರ್ದೇಶಕರಾದರು. ಉತ್ತರದವರ ರಾಮಾಯಣಕ್ಕೆ ಕೇರಳದ ಹೆಜ್ಜೆ ಸೇರಿತು. ಬಳಿಕ ತಾಯ್ನಾಡಿಗೆ ಮರಳಿ, 1963ರಲ್ಲಿ ತಿರುವನಂತಪುರದ ವಟ್ಟಿಯೂರ್ಕಾವಿನಲ್ಲಿ ವಿಶ್ವಕಲಾ ಕೇಂದ್ರವನ್ನು ಕಟ್ಟಿದರು. ಈಗ ಅಲ್ಲಿ ಅವರ ಹೆಸರಿನ ನಟನಗ್ರಾಮವೂ ನೃತ್ಯದ ವಸ್ತುಸಂಗ್ರಹಾಲಯವೂ ಇವೆ. ತಿರುವನಂತಪುರದಲ್ಲಿರುವ ನಮ್ಮವರು ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬರಬಹುದು.

ಅವರ ಕೊನೆಯು ಕೊಚ್ಚಿಯಲ್ಲಾಯಿತು. 1987ರ ಅಕ್ಟೋಬರ್ 9ರಂದು ಎರ್ನಾಕುಳಂನ ಫೈನ್ ಆರ್ಟ್ಸ್ ಹಾಲಿನಲ್ಲಿ ಅವರ ರಾಮಾಯಣ ಬ್ಯಾಲೆ ನಡೆಯುತ್ತಿತ್ತು. ಎಪ್ಪತ್ತೊಂಬತ್ತು ವರ್ಷದ ಗೋಪಿನಾಥರು ಅಂದು ಮಗನ ಅಗಲಿಕೆಯಿಂದ ಪ್ರಾಣಬಿಡುವ ದಶರಥನ ಪಾತ್ರವನ್ನು ಧರಿಸಿದ್ದರು. ಆಟದ ನಡುವೆಯೇ ಅವರು ತೀರಿಕೊಂಡರು.