ನಕ್ಷತ್ರಗಳ ಅಂತ್ಯಕಾಲವನ್ನು ಗಣಿಸಿದ ಚಂದ್ರಶೇಖರರು

ಹೊಸಕೋಟೆಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಒಂದು ಆವರಣವುಂಟು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರು ಎತ್ತರದ ಬೆಟ್ಟದ ಮೇಲಿರುವ ದೂರದರ್ಶಕ ಯಂತ್ರವನ್ನು ವಿದ್ವಾಂಸರು ಇಲ್ಲಿಯೇ ಕುಳಿತು ನಡೆಯಿಸುತ್ತಾರೆ. 2 ಮೀಟರು ಅಗಲದ ದರ್ಪಣವುಳ್ಳ ಆ ಯಂತ್ರಕ್ಕೆ ಹಿಮಾಲಯ ಚಂದ್ರ ದೂರದರ್ಶಕವೆಂದು ಹೆಸರು. ಆ ಹೆಸರಿಗೆ ಕಾರಣರಾದ ಮಹನೀಯರ ಚರಿತ್ರೆಯನ್ನು ನಮ್ಮ ಸೀಮೆಯವರು ಅರಿತಿರುವುದು ಯುಕ್ತವೆಂದೆಣಿಸಿ ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ಸುಬ್ರಹ್ಮಣ್ಯನ್ ಚಂದ್ರಶೇಖರರು 1910ನೆಯ ಇಸವಿ ಅಕ್ಟೋಬರು 19ರಂದು ಲಾಹೋರಿನಲ್ಲಿ ಜನಿಸಿದರು. ತಂದೆ ಸುಬ್ರಹ್ಮಣ್ಯ ಅಯ್ಯರವರು ರೈಲ್ವೆಯ ಲೆಕ್ಕದ ಇಲಾಖೆಯ ಅಧಿಕಾರಿಗಳು. ಮುಂದೆ ಬೆಂಗಳೂರಿನಲ್ಲಿ ನೆಲಸಿದ ಸರ್ ಸಿ. ವಿ. ರಾಮನ್ನರು ಇವರ ಚಿಕ್ಕಪ್ಪ. ತಾಯಿ ಸೀತಾಲಕ್ಷ್ಮಮ್ಮನವರು ಇಬ್ಸನ್ ಮಹಾಶಯನ ನಾಟಕವೊಂದನ್ನು ತಮಿಳಿಗೆ ತಂದ ವಿದುಷಿ. ಬಾಲ್ಯದಲ್ಲಿ ಮನೆಯೇ ಪಾಠಶಾಲೆ, ತಾಯಿತಂದೆಗಳೇ ಉಪಾಧ್ಯಾಯರು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವ್ಯಾಸಂಗ ಮುಗಿದಾಗ ಕೇಂಬ್ರಿಜ್ಜಿಗೆ ಹೋಗಲು ಸರಕಾರದ ವಿದ್ಯಾರ್ಥಿವೇತನ ದೊರೆಯಿತು. ಆಗ ತಾಯಿ ಕಠಿನವಾದ ವ್ಯಾಧಿಯಿಂದ ಪೀಡಿತರಾಗಿದ್ದರು. ಬಂಧುಗಳು ಪ್ರಯಾಣ ಬೇಡವೆಂದರು. ಆ ತಾಯಿಯೇ ಮಗನು ಹೋಗಲೇಬೇಕೆಂದು ಹಟಹಿಡಿದು ಕಳುಹಿಸಿದರು. 1930ರ ಜುಲೈ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದಾಗ ಚಂದ್ರಶೇಖರರಿಗೆ ವಯಸ್ಸು 19. ಮರುವರ್ಷ ತಾಯಿ ದೇಹವನ್ನು ಬಿಟ್ಟರು; ತಾಯಿಮಕ್ಕಳು ಪುನಃ ಸಂಧಿಸಲಿಲ್ಲ.

ಆ ಸಮುದ್ರಯಾನದಲ್ಲಿಯೇ ತರುಣನು ನಕ್ಷತ್ರಗಳ ಮರಣವನ್ನು ಕುರಿತು ಗಣಿತ ಮಾಡತೊಡಗಿದನು. ನಕ್ಷತ್ರಗಳಿಗೂ ಜನನ, ಯೌವನ, ವಾರ್ಧಕ್ಯಗಳುಂಟು. ಆಕಾಶದಲ್ಲಿ ಹರಡಿದ ಜಲಜನಕ ವಾಯು ಮತ್ತು ಧೂಳಿನ ಮೇಘವು ತನ್ನ ಭಾರದಿಂದಲೇ ಕುಗ್ಗಿ, ಒಳಗೆ ಸುಮಾರು ಒಂದು ಕೋಟಿ ಡಿಗ್ರಿಯಷ್ಟು ಬಿಸಿಯೇರಿದಾಗ ಜಲಜನಕವು ಹೀಲಿಯಮಾಗಿ ಮಾರ್ಪಡುತ್ತ ಬೆಳಗುತ್ತದೆ. ನಮ್ಮ ಸೂರ್ಯನು ಹೀಗೆ ಸುಮಾರು 460 ಕೋಟಿ ವರ್ಷಗಳಿಂದ ಬೆಳಗುತ್ತಿದ್ದಾನೆ. ಇನ್ನು 500 ಕೋಟಿ ವರ್ಷಗಳಷ್ಟು ಬಾಳುವನು. ಭಾರವಾದ ನಕ್ಷತ್ರಗಳೋ ದುಂದುಗಾರರಂತೆ ಬೇಗನೆ ಸವೆದುಹೋಗುತ್ತವೆ. ಇಂಧನ ತೀರುತ್ತ ಬಂದಾಗ ಸೂರ್ಯನಂಥ ನಕ್ಷತ್ರವು ಉಬ್ಬಿ ಕೆಂಪು ದೈತ್ಯವಾಗಿ, ಹೊರಪದರಗಳನ್ನು ಕಳಚಿ, ಕಡೆಗೆ ಭೂಮಿಯಷ್ಟೇ ಗಾತ್ರದ ಶ್ವೇತಕುಬ್ಜವಾಗಿ ಉಳಿಯುತ್ತದೆ.

ಎಲ್ಲ ನಕ್ಷತ್ರಗಳಿಗೂ ಇದೇ ಶಾಂತವಾದ ಅಂತ್ಯವೆಂದು ಆಗಿನ ಪಂಡಿತರ ನಂಬುಗೆ. ಶ್ವೇತಕುಬ್ಜದ ಭಾರವು ಸೂರ್ಯನ ಭಾರದ ಸುಮಾರು 1.4 ಪಟ್ಟನ್ನು ಮೀರಿದರೆ ಒಳಗಿನ ಇಲೆಕ್ಟ್ರಾನುಗಳು ಆ ಹೊರೆಯನ್ನು ತಾಳಲಾರವು, ಅದು ಕುಸಿಯಲೇಬೇಕು ಎಂದು ಚಂದ್ರಶೇಖರರು ತೋರಿಸಿದರು. ಇದೇ ಚಂದ್ರಶೇಖರ ಮಿತಿ.

1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಇದನ್ನು ನಿರೂಪಿಸಿದಾಗ, ಜಗದ್ವಿಖ್ಯಾತರಾದ ಸರ್ ಆರ್ಥರ್ ಎಡಿಂಗ್ಟನ್ನರು ಎದ್ದುನಿಂತು ಸಿದ್ಧಾಂತವನ್ನೇ ಪರಿಹಾಸ ಮಾಡಿದರು. ಸಭೆಯು ನಕ್ಕಿತು. ಇಪ್ಪತ್ತನಾಲ್ಕು ವರ್ಷದ ಪರದೇಶಿ ತರುಣನ ಪಕ್ಷವನ್ನು ಬಹಿರಂಗವಾಗಿ ವಹಿಸುವವರಿರಲಿಲ್ಲ. ಚಂದ್ರಶೇಖರರು ತಮ್ಮ ಗಣಿತವನ್ನು ಬಿಡಲಿಲ್ಲ, ದ್ವೇಷವನ್ನೂ ಬೆಳೆಸಲಿಲ್ಲ. ಎಡಿಂಗ್ಟನ್ನರೊಡನೆ ಸ್ನೇಹವನ್ನು ಉಳಿಸಿಕೊಂಡು, ಅವರು 1944ರಲ್ಲಿ ತೀರಿಕೊಂಡ ಮೇಲೆಯೂ ಅವರ ಹಿರಿಮೆಯನ್ನು ಮನಃಪೂರ್ವಕವಾಗಿ ಕೊಂಡಾಡಿದರು. ಶತ್ರುವನ್ನು ಪ್ರೀತಿಸಬೇಕೆಂಬ ಬೋಧನೆಯನ್ನು ದಿನವೂ ಕೇಳುವ ನಮಗೆ ಈ ನಡತೆಯು ಚಿಂತನೀಯವಾದುದು.

1936ರಲ್ಲಿ ಸಹಪಾಠಿನಿಯಾಗಿದ್ದ ಲಲಿತಾ ಅವರನ್ನು ವರಿಸಿ, 1937ರಿಂದ ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಜೀವಮಾನವಿಡೀ ದುಡಿದರು. 1967ರಲ್ಲಿ ಕೇಂಬ್ರಿಜ್ಜಿನ ವಿದ್ಯಾರ್ಥಿನಿ ಜಾಸಲಿನ್ ಬೆಲ್ ಎಂಬಾಕೆ ಕ್ರಮವಾಗಿ ಮಿಡಿಯುವ ರೇಡಿಯೋ ಸಂಕೇತಗಳನ್ನು ಕಂಡುಹಿಡಿದಳು. ಅವು ಶ್ವೇತಕುಬ್ಜಕ್ಕಿಂತಲೂ ಕುಸಿದ ನ್ಯೂಟ್ರಾನ್ ನಕ್ಷತ್ರಗಳೆಂದು ಸ್ಥಿರಪಟ್ಟಿತು. ಇನ್ನೂ ಕುಸಿದುಹೋದ ಕೃಷ್ಣರಂಧ್ರಗಳ ಕುರುಹುಗಳೂ ಅನಂತರ ದೊರೆತವು. 1983ರಲ್ಲಿ ನೊಬೆಲ್ ಪಾರಿತೋಷಕವು ಬಂದಾಗ ಆ ಪರಿಹಾಸಕ್ಕೆ 48 ವರ್ಷಗಳು ಸಂದಿದ್ದವು. 1995ರ ಆಗಸ್ಟ್ 21ರಂದು ಷಿಕಾಗೊದಲ್ಲಿ ಅವರು ಕಾಲವಾದರು.

ಮಕ್ಕಳ ವಿದ್ಯೆಗೆ ಮನೆಯ ಕಷ್ಟವನ್ನು ಅಡ್ಡಿಯಾಗಿ ಒಡ್ಡುವ ಮುನ್ನ ತಾಯಿತಂದೆಗಳು ಸೀತಾಲಕ್ಷ್ಮಮ್ಮನವರನ್ನು ನೆನೆಯಲಿ. ಸರಿಯೆಂದು ಕಂಡುದನ್ನು ನಾಲ್ವರು ನಕ್ಕರೆಂದು ಕೈಬಿಡದಿರುವ ಸ್ಥೈರ್ಯವು ನಮ್ಮ ಸಹೋದರಿಯರಿಗೆಲ್ಲ ಲಭಿಸಲೆಂದು ಹಾರೈಸುತ್ತೇವೆ.